ಮಸಾರಿ ದಂಡೆಯ ಕದ: ಟ್ರ್ಯಾಪ್‌ಡೋರ್ ಜೇಡದ ಬಿಲ ಮತ್ತು ಅದರ ನೆಲ

ಧಾರವಾಡ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವಾಗ ನೆಲ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ನವಲಗುಂದ, ಅಣ್ಣಿಗೇರಿಯ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳು ಹುಬ್ಬಳ್ಳಿ ದಾಟಿದಂತೆ ವಿರಳವಾಗುತ್ತವೆ. ಧಾರವಾಡದ ಆಸುಪಾಸಿನಲ್ಲಿ ಎರಿ, ಮಸಾರಿ (ಕೆಂಪು ಮಣ್ಣು) ಎರಡೂ ಬೆರೆತಿರುತ್ತವೆ. ಕಲಘಟಗಿ, ಅಳ್ನಾವರ ಮುಟ್ಟುವಷ್ಟರಲ್ಲಿ ಎಲ್ಲೆಲ್ಲೂ ಕೆಮ್ಮಣ್ಣು, ಗರಸು, ಜಂಬಿಟ್ಟಿಗೆ. ನೆಲದಲ್ಲಿ ಬಿಲ ತೋಡಿ, ಅದಕ್ಕೆ ಕದ ಕಟ್ಟಿ, ಹುಟ್ಟಿದ ಜಾಗದಿಂದ ಕೆಲವೇ ಮಾರು ದೂರದಲ್ಲಿ ಆಯುಷ್ಯವಿಡೀ ಕಳೆಯುವ ಟ್ರ್ಯಾಪ್‌ಡೋರ್ ಜೇಡಕ್ಕೆ ಈ ಮಣ್ಣಿನ ವ್ಯತ್ಯಾಸ ಬಹಳ ದೊಡ್ಡದು. ಹಾರುವ ಕೀಟ ಜಾಗ ಹಿಡಿಸದಿದ್ದರೆ ಎದ್ದು ಹೋಗುತ್ತದೆ, ಬಲೆ ನೇಯುವ ಜೇಡ ನಾಳೆ ಇನ್ನೊಂದು ಗಿಡದಲ್ಲಿ ನೇಯುತ್ತದೆ. ಬಿಲದ ಜೇಡಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಈ ಜೇಡವನ್ನು ತಿಳಿಯಬೇಕಾದರೆ ಅದರ ಮೈಯನ್ನು ನೋಡಿದಷ್ಟೇ ಗಮನದಿಂದ ಅದು ಕೂತ ದಂಡೆಯನ್ನೂ ನೋಡಬೇಕು.

ಯಾವ ಜೇಡ ಇದು

ಮನೆಯ ಮೂಲೆಯಲ್ಲಿ, ಬೇಲಿಯಲ್ಲಿ ನಾವು ದಿನಾ ನೋಡುವ ಜೇಡಗಳ ಕೋರೆಹಲ್ಲುಗಳು ಇಕ್ಕಳದ ತುದಿಗಳಂತೆ ಎದುರುಬದುರಾಗಿ ಕೂಡುತ್ತವೆ. ಟ್ರ್ಯಾಪ್‌ಡೋರ್ ಜೇಡದ ಕೋರೆಗಳು ಹಾಗಲ್ಲ. ಅವು ಒಂದರ ಪಕ್ಕ ಒಂದು ಸಮಾನಾಂತರವಾಗಿದ್ದು ಮೇಲಿನಿಂದ ಕೆಳಕ್ಕೆ ಇರಿಯುತ್ತವೆ. ಟರಾಂಟುಲಾಗಳದ್ದೂ ಇದೇ ರಚನೆ. ಎರಡೂ ಮೈಗಲೊಮಾರ್ಫ್ ಎಂಬ ಹಳೆಯ ಗುಂಪಿಗೆ ಸೇರಿವೆ. ಇವುಗಳಿಗೆ ಉಸಿರಾಟಕ್ಕೆ ಎರಡು ಜೊತೆ ಪುಸ್ತಕ ಶ್ವಾಸಕೋಶಗಳು, ಅಂದರೆ ಪುಸ್ತಕದ ಹಾಳೆಗಳಂತೆ ಪದರ ಪದರವಾದ ಉಸಿರಾಟದ ಅಂಗಗಳು, ಹೊಟ್ಟೆಯ ಅಡಿಯಲ್ಲಿರುತ್ತವೆ. ಈ ಅಂಗದಿಂದ ನೀರು ಬೇಗ ಆವಿಯಾಗಿ ಹೋಗುವುದರಿಂದ ಬಿಸಿಲಿನ ಒಣ ಗಾಳಿ ಇವುಗಳಿಗೆ ದೊಡ್ಡ ಅಪಾಯ. ಬಿಲದ ಒಳಗಿನ ತೇವದ ಬೆಲೆ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಕದ ಕಟ್ಟುವ ಜೇಡಗಳು ಒಂದೇ ಕುಟುಂಬದವಲ್ಲ. ನಮ್ಮ ಭಾಗಕ್ಕೆ ಮುಖ್ಯವಾದದ್ದು ಇಡಿಯೋಪಿಡೇ ಕುಟುಂಬ. ಜಗತ್ತಿನಲ್ಲಿ ಇದರ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ ಇಡಿಯೋಪ್ಸ್, ಹೆಲಿಗ್ಮೊಮೆರಸ್ ಮೊದಲಾದ ಕುಲಗಳು ಸಿಗುತ್ತವೆ. ಇಡಿಯೋಪ್ಸ್ ಕುಲದ ಪ್ರಭೇದಗಳು ಆಫ್ರಿಕಾದಲ್ಲೂ ಇವೆ, ದಕ್ಷಿಣ ಅಮೆರಿಕದಲ್ಲೂ ಇವೆ. ನಡೆದುಕೊಂಡೇ ಹರಡುವ, ಸಮುದ್ರ ದಾಟಲಾಗದ ಪ್ರಾಣಿ ಇಷ್ಟು ದೂರದೂರದ ಖಂಡಗಳಲ್ಲಿ ಇದೆಯೆಂದರೆ ಅದರ ವಂಶ ಎಷ್ಟು ಪುರಾತನವೆಂದು ಯೋಚಿಸಬಹುದು.

ಧಾರವಾಡದ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ಹೆಸರು ಇಡಿಯೋಪ್ಸ್ ಜೋಯಿಡಾ. ಅಳ್ನಾವರ, ಹಳಿಯಾಳ, ದಾಂಡೇಲಿ ದಾಟಿದರೆ ಸಿಗುವ ಉತ್ತರ ಕನ್ನಡದ ಜೋಯಿಡಾದಿಂದ 2013ರಲ್ಲಿ ಇದನ್ನು ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಇಂಥ ಜೇಡಗಳ ಹೆಸರಿನಲ್ಲಿ ಊರಿನ ಹೆಸರು ಸೇರುವುದು ಅಪರೂಪವೇನಲ್ಲ. ಮುಂಬೈ ಭಾಗದ ಪ್ರಭೇದವೊಂದರ ಹೆಸರು ಇಡಿಯೋಪ್ಸ್ ಬಾಂಬಯೆನ್ಸಿಸ್. ದೂರ ಹರಡದ ಪ್ರಾಣಿಯಾದ್ದರಿಂದ ಒಂದು ನದಿ ಕಣಿವೆಗೆ, ಒಂದು ಗುಡ್ಡಸಾಲಿಗೆ ಸೀಮಿತವಾದ ಪ್ರಭೇದಗಳು ಈ ಗುಂಪಿನಲ್ಲಿ ಬಹಳ.

ಇಡಿಯೋಪ್ಸ್ ಜೇಡವನ್ನು ಕೈಯಲ್ಲಿ ಹಿಡಿಯದೆ, ಹತ್ತಿರದ ಫೋಟೋದಿಂದಲೇ ಕುಲದ ಮಟ್ಟಕ್ಕೆ ಗುರುತಿಸಲು ಕಣ್ಣುಗಳು ಸಹಾಯಕ್ಕೆ ಬರುತ್ತವೆ. ಎಂಟು ಕಣ್ಣುಗಳಲ್ಲಿ ಎರಡು ಮುಖದ ಮುಂದಿನ ಅಂಚಿಗೆ ಬಂದು ಕೂತಿರುತ್ತವೆ. ಉಳಿದ ಆರು ಅವುಗಳಿಂದ ಸಾಕಷ್ಟು ಹಿಂದೆ ಒಂದೇ ಗುಂಪಾಗಿರುತ್ತವೆ. ಹೆಲಿಗ್ಮೊಮೆರಸ್‌ನಲ್ಲಾದರೆ ಮೂರನೆಯ ಜೊತೆ ಕಾಲಿನ ಒಂದು ಗೆಣ್ಣಿನ ಮೇಲೆ ತಗ್ಗೊಂದು ಕಾಣುತ್ತದೆ. ಪ್ರಭೇದವನ್ನು ಖಚಿತಪಡಿಸುವುದು ಮಾತ್ರ ಬೇರೆಯೇ ಕೆಲಸ. ಗಂಡಿನ ಪೆಡಿಪಾಲ್ಪ್ (ಬಾಯಿಯ ಪಕ್ಕದ ಕಾಲಿನಂಥ ಜೋಡಿ ಅಂಗ) ತುದಿಯ ಅಂಗವನ್ನೂ ಹೆಣ್ಣಿನ ವೀರ್ಯಕೋಶದ ಆಕಾರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡದೆ ಅದು ಆಗುವುದಿಲ್ಲ. ಹಾಗಾಗಿ ಕದದ ಫೋಟೋ ನೋಡಿ ಪ್ರಭೇದದ ಹೆಸರು ಹೇಳುವವರನ್ನು ನಂಬಬೇಡಿ.

ತೋಡುವುದು, ಗಿಲಾಯಿ ಮಾಡುವುದು, ಕದ ಕಟ್ಟುವುದು

ಬಲಿತ ಹೆಣ್ಣು ಸಾಮಾನ್ಯವಾಗಿ ಎರಡು ಸೆಂಟಿಮೀಟರಿನ ಆಸುಪಾಸು ಉದ್ದ. ಮೈ ಗಿಡ್ಡ, ದಪ್ಪ. ತಲೆ-ಎದೆಯ ಭಾಗ ಬಹುತೇಕ ಕೂದಲಿಲ್ಲದೆ ಹೊಳೆಯುತ್ತದೆ. ಬಣ್ಣ ಕಂದು ಅಥವಾ ಕಪ್ಪು. ಕೋರೆಹಲ್ಲು ಹೊತ್ತ ದವಡೆಯ ಮುಂಬದಿಗೆ ಗಟ್ಟಿ ಮುಳ್ಳುಗಳ ಸಾಲಿದೆ. ಇದೇ ರಾಸ್ಟೆಲಮ್, ಈ ಜೇಡದ ಗುದ್ದಲಿ. ಮಣ್ಣನ್ನು ಕೆರೆಯುವುದು ಇದರಿಂದ. ಕೆರೆದ ಮಣ್ಣನ್ನು ದವಡೆಗಳ ನಡುವೆ ಉಂಡೆ ಮಾಡಿ ಹೊತ್ತು ತಂದು ಬಿಲದ ಬಾಯಿಯಿಂದ ಆಚೆ ಹಾಕುತ್ತದೆ. ಮುಂಗಾಲುಗಳ ಎರಡೂ ಬದಿ ಗಿಡ್ಡ ಮುಳ್ಳುಗಳಿವೆ. ಬೇಟೆ ಹಿಡಿಯುವಾಗಲೂ ಬಿಲದ ಗೋಡೆಗೆ ಒತ್ತಿ ನಿಲ್ಲುವಾಗಲೂ ಅವು ಬಳಕೆಗೆ ಬರುತ್ತವೆ.

ಬಿಲದ ಆಳ ಮಣ್ಣನ್ನು, ಜೇಡದ ವಯಸ್ಸನ್ನು ಅವಲಂಬಿಸಿದ್ದು. ಇಡಿಯೋಪ್ಸ್‌ನ ಬಲಿತ ಹೆಣ್ಣಿನ ಬಿಲ ಹೆಚ್ಚಾಗಿ ಒಂದು ಗೇಣಿನ ಆಸುಪಾಸು ಇರುತ್ತದೆ. ಕಲ್ಲು, ಬೇರು ಅಡ್ಡ ಬಂದರೆ ಬಿಲ ಸೊಟ್ಟಗೆ ತಿರುಗುತ್ತದೆ. ತೋಡಿದ ಮೇಲೆ ಗೋಡೆಯನ್ನು ಹಾಗೇ ಬಿಡುವುದಿಲ್ಲ. ಬಾಯಿಯ ಜೊಲ್ಲಿನಲ್ಲಿ ಕಲಸಿದ ಸಣ್ಣ ಮಣ್ಣನ್ನು ಬಳಿದು ನುಣುಪು ಮಾಡಿ, ಅದರ ಮೇಲೆ ರೇಷ್ಮೆಯ ಪದರ ಹಾಸುತ್ತದೆ. ಈ ಗಿಲಾಯಿ ಗೋಡೆಯನ್ನು ಕುಸಿಯದಂತೆ ಹಿಡಿಯುತ್ತದೆ, ಹೊರಗಿನ ನೀರು ಜಿನುಗದಂತೆ ತಡೆಯುತ್ತದೆ, ಒಳಗಿನ ತೇವವನ್ನು ಉಳಿಸುತ್ತದೆ. ನೆಲದ ಮೇಲ್ಮೈ ಏಪ್ರಿಲ್ ಮಧ್ಯಾಹ್ನಕ್ಕೆ ಬರಿಗಾಲು ಇಡಲಾಗದಷ್ಟು ಕಾದಿದ್ದರೂ ಗೇಣು ಆಳದಲ್ಲಿ ಹಗಲು–ರಾತ್ರಿಯ ಉಷ್ಣತೆಯ ಏರಿಳಿತ ಬಹಳ ಕಡಿಮೆ. ತೆಳು ಚರ್ಮದ ಹೊಟ್ಟೆಯ ಈ ಪ್ರಾಣಿ ಬಯಲುಸೀಮೆಯ ಬೇಸಿಗೆ ದಾಟುವುದು ಈ ಒಂದು ಕಾರಣಕ್ಕೆ.

ಇನ್ನು ಕದ. ಬಿಲದ ಬಾಯಿಗೆ ಅಡ್ಡಲಾಗಿ ರೇಷ್ಮೆಯ ತೆರೆ ಎಳೆದು, ಅದಕ್ಕೆ ಮಣ್ಣಿನ ಕಣ ಅಂಟಿಸಿ, ಮತ್ತೆ ರೇಷ್ಮೆ ಹಾಸಿ, ಹೀಗೆ ಪದರದ ಮೇಲೆ ಪದರ ಬೆಳೆಸುತ್ತದೆ. ಅಂಚನ್ನು ಕೋರೆಯಿಂದ ಬಿಡಿಸಿ ಒಂದು ಕಡೆ ಮಾತ್ರ ರೇಷ್ಮೆಯ ಪಟ್ಟಿಯನ್ನು ಕತ್ತರಿಸದೆ ಬಿಡುತ್ತದೆ. ಅದೇ ಬಿಜಾಗರಿ. ಇಳಿಜಾರು ದಂಡೆಯಲ್ಲಿ ಬಿಜಾಗರಿ ಸಾಮಾನ್ಯವಾಗಿ ಮೇಲ್ಬದಿಗಿರುತ್ತದೆ. ತೆರೆದ ಕದ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳಲಿ, ಮೇಲಿನಿಂದ ಹರಿದು ಬಂದ ನೀರು ಸಂದಿಗೆ ಇಳಿಯದೆ ಕದದ ಮೇಲಿಂದ ಜಾರಿ ಹೋಗಲಿ ಎಂಬ ಎರಡು ಲಾಭಗಳೂ ಅದರಲ್ಲಿವೆ.

ಕದದಲ್ಲಿ ಎರಡು ಬಗೆ. ಒಂದು ತೆಳು ಕದ: ರೇಷ್ಮೆ ಹೆಚ್ಚು, ಮಣ್ಣು ಕಡಿಮೆ, ಬಾಗುತ್ತದೆ, ಬಿಲದ ಬಾಯಿಯ ಮೇಲೆ ಹಾಸಿದಂತೆ ಕೂರುತ್ತದೆ. ಇನ್ನೊಂದು ದಪ್ಪ ಕದ: ಅಂಚು ಒಳಮುಖವಾಗಿ ಓರೆಯಾಗಿ ಇಳಿದು, ಬಿಲದ ಬಾಯಿಯೊಳಗೆ ಬಿಗಿಯಾಗಿ ಕೂರುತ್ತದೆ. ದಪ್ಪ ಕದವನ್ನು ಹೊರಗಿನಿಂದ ಎತ್ತುವುದು ಕಷ್ಟ, ಕಟ್ಟುವುದಕ್ಕೂ ಶ್ರಮ ಹೆಚ್ಚು. ತೆಳು ಕದ ಬೇಗ ತಯಾರಾಗುತ್ತದೆ, ಮರೆಮಾಚುವುದರಲ್ಲಿ ಅದಕ್ಕೆ ಹೆಚ್ಚಿನ ಅನುಕೂಲವಿದೆ. ಕದದ ಮೇಲ್ಮೈಗೆ ಸುತ್ತಲಿನ ಪಾಚಿ, ಒಣ ಹುಲ್ಲಿನ ಚೂರು, ಅದೇ ಬಣ್ಣದ ಮಣ್ಣು ಹಚ್ಚಿರುವುದರಿಂದ ಹತ್ತಿರ ಬಗ್ಗಿ ನೋಡಿದರೂ ಅರ್ಧಚಂದ್ರದ ಒಂದು ಸಣ್ಣ ಗೆರೆಯಷ್ಟೇ ಕಾಣುತ್ತದೆ.

ಜೇಡ ಪೊರೆ ಕಳಚಿ ದೊಡ್ಡದಾದಂತೆ ಬಿಲವನ್ನು ಅಗಲಿಸಿ ಕದದ ಅಂಚಿಗೆ ಹೊಸ ಪಟ್ಟಿ ಸೇರಿಸುತ್ತದೆ. ಹಳೆಯ ಕದವನ್ನು ಕಿತ್ತೆಸೆಯುವುದಿಲ್ಲ. ಆದ್ದರಿಂದ ಕೆಲವು ಕದಗಳ ಮೇಲೆ ಬಿಜಾಗರಿಯ ಕಡೆಯಿಂದ ಹೊರಕ್ಕೆ ಕಮಾನು ಕಮಾನಾಗಿ ಬೆಳವಣಿಗೆಯ ಗೆರೆಗಳು ಕಾಣಿಸುತ್ತವೆ. ಕದದ ಒಳಮೈ ಬಿಳಿ ರೇಷ್ಮೆ. ಅದರಲ್ಲಿ ಕೋರೆ ಚುಚ್ಚಿ ಹಿಡಿದ ಗುರುತುಗಳು ಇರುವುದುಂಟು. ಯಾರಾದರೂ ಕದ ಎತ್ತಲು ಬಂದರೆ ಜೇಡ ಕೋರೆಯನ್ನು ಅದಕ್ಕೆ ಸಿಕ್ಕಿಸಿ, ಕಾಲುಗಳನ್ನು ಗೋಡೆಗೆ ಒತ್ತಿ, ಕೆಳಕ್ಕೆ ಜಗ್ಗುತ್ತದೆ. ತನ್ನ ಗಾತ್ರಕ್ಕೆ ಆಶ್ಚರ್ಯವೆನಿಸುವಷ್ಟು ಬಲ ಅದಕ್ಕಿದೆ.

ಬೇಟೆ ರಾತ್ರಿಯ ಕೆಲಸ. ಕದವನ್ನು ಕೂದಲೆಳೆಯಷ್ಟು ಎತ್ತಿ, ಮುಂಗಾಲಿನ ತುದಿಗಳನ್ನು ಅಂಚಿಗೆ ತಾಗಿಸಿ ಕೂರುತ್ತದೆ. ಇರುವೆ, ಗೆದ್ದಲು, ಜೀರುಂಡೆ, ಮಿಡತೆ ಹತ್ತಿರ ನಡೆದರೆ ನೆಲದ ಅದುರು ಕಾಲಿನ ರೋಮಗಳಿಗೆ ತಾಗುತ್ತದೆ. ಮುಂದಿನದು ಕ್ಷಣದಲ್ಲಿ ಮುಗಿಯುತ್ತದೆ: ಕದ ಎಗರುತ್ತದೆ, ಜೇಡ ಅರ್ಧ ಮೈ ಹೊರಗೆ ಚಾಚುತ್ತದೆ, ಬೇಟೆ ಒಳಗೆ, ಕದ ಮುಚ್ಚುತ್ತದೆ. ಹಿಂಗಾಲುಗಳು ಬಹುತೇಕ ಬಿಲದ ಅಂಚನ್ನು ಬಿಡುವುದೇ ಇಲ್ಲ. ಬೇಟೆಯ ಹರವು ಎಂದರೆ ಅದರ ಕಾಲು ನಿಲುಕುವಷ್ಟು ನೆಲ. ಆ ಅಂಗೈಯಗಲದಲ್ಲಿ ಹುಳು ಓಡಾಡದಿದ್ದರೆ ಅದಕ್ಕೆ ಉಪವಾಸ. ಉಪವಾಸವನ್ನು ತಿಂಗಳುಗಟ್ಟಲೆ ತಡೆಯುವ ಶಕ್ತಿಯೂ ಇದೆ.

ಎರಿಯಲ್ಲಿ ಏಕಿಲ್ಲ, ಮಸಾರಿಯಲ್ಲಿ ಏಕಿದೆ

ಎರಿ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಹೆಚ್ಚು. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನವಲಗುಂದದ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಿಡುವುದು, ಮಳೆ ಬಿದ್ದ ಮೇಲೆ ಅವೇ ಬಿರುಕುಗಳು ಮುಚ್ಚಿಕೊಳ್ಳುವುದು ರೈತರಿಗೆ ಗೊತ್ತಿದ್ದದ್ದೇ. ವರ್ಷಕ್ಕೊಮ್ಮೆ ಹೀಗೆ ಹಿಗ್ಗಿ ಕುಗ್ಗುವ ನೆಲದಲ್ಲಿ ಹತ್ತಾರು ವರ್ಷ ಬಾಳಬೇಕಾದ ರೇಷ್ಮೆ ಗಿಲಾಯಿಯ ಕೊಳವೆ ನಿಲ್ಲುವುದು ಕಷ್ಟ. ಗೋಡೆ ಹರಿಯುತ್ತದೆ, ಕದದ ಚೌಕಟ್ಟು ಸೊಟ್ಟಾಗುತ್ತದೆ, ಮಳೆಗಾಲದಲ್ಲಿ ನೀರು ಇಂಗದೆ ನಿಲ್ಲುತ್ತದೆ. ಮೇಲಾಗಿ ಅದು ವರ್ಷಾ ರಂಟೆ, ಕುಂಟೆ ಹೊಡೆಯುವ ನೆಲ.

ಮಸಾರಿಯಲ್ಲಿ ಕಬ್ಬಿಣದ ಆಕ್ಸೈಡು ಕಣಗಳನ್ನು ಬೆಸೆದು ಹಿಡಿದಿರುತ್ತದೆ. ಅಲ್ಲಿನ ಜೇಡಿಮಣ್ಣು ಅಷ್ಟಾಗಿ ಉಬ್ಬುವುದಿಲ್ಲ, ನೀರು ಬಸಿದು ಹೋಗುತ್ತದೆ, ತೋಡಿದ ಗೋಡೆ ನಿಲ್ಲುತ್ತದೆ. ಆದರೆ ಎಲ್ಲ ಮಸಾರಿಯೂ ಒಂದೇ ಅಲ್ಲ. ಹರಳು ತುಂಬಿದ ಸಡಿಲ ಗರಸಿನಲ್ಲಿ ಗೋಡೆ ಉದುರುತ್ತದೆ. ಗಟ್ಟಿ ಜಂಬಿಟ್ಟಿಗೆ ಕಲ್ಲಿನಲ್ಲಿ ರಾಸ್ಟೆಲಮ್ ನಾಟುವುದಿಲ್ಲ. ಎರಡರ ನಡುವಿನದು ಬೇಕು: ಬೆರಳಿನಿಂದ ಒತ್ತಿದರೆ ತಗ್ಗದ, ಉಗುರಿನಿಂದ ಕೆರೆದರೆ ಪುಡಿ ಬರುವಂಥ ಮಣ್ಣು. ಇದಕ್ಕಿಂತ ಸರಳವಾದ, ನಂಬಬಹುದಾದ ಪರೀಕ್ಷೆ ಇನ್ನೊಂದಿಲ್ಲ.

ಮಣ್ಣಿನ ಜೊತೆ ಇಳಿಜಾರೂ ಬೇಕು. ಸಮತಟ್ಟು ನೆಲದಲ್ಲೂ ಬಿಲಗಳಿರುತ್ತವೆ. ಆದರೆ ಹಳ್ಳದ ದಂಡೆ, ಕಾಲುದಾರಿ ಕೊರೆದು ಉಳಿದ ಗೋಡೆ, ಹಳೆಯ ಒಡ್ಡಿನ ಪಕ್ಕ, ಕಾಡಿನ ರಸ್ತೆ ಬದಿಯ ಕಡಿದಾದ ಮಣ್ಣು ಇವು ಹೆಚ್ಚು ಸರಿ. ಅಲ್ಲಿ ನೀರು ನಿಲ್ಲುವುದಿಲ್ಲ, ತರಗೆಲೆ ಬಿದ್ದು ಕದ ಮುಚ್ಚಿಹೋಗುವುದಿಲ್ಲ, ದನ ಕುರಿ ಕಾಲಿಡುವುದಿಲ್ಲ. ದಂಡೆಯ ಮೇಲಿನ ಮರದ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ, ನೆರಳಿನಿಂದ ಪಾಚಿ ಬೆಳೆಯುತ್ತದೆ. ಪಾಚಿ ಇದ್ದಲ್ಲಿ ಮೇಲ್ಮಣ್ಣು ಕದಲಿಲ್ಲವೆಂದು ಅರ್ಥ. ಅದು ತೇವಕ್ಕೂ ಸಾಕ್ಷಿ, ದಂಡೆಯ ವಯಸ್ಸಿಗೂ ಸಾಕ್ಷಿ.

ಹೀಗೆ ನೋಡಿದರೆ ನಮ್ಮ ಜಿಲ್ಲೆಗಳ ನಕ್ಷೆ ತಾನೇ ಬಿಡಿಸಿಕೊಳ್ಳುತ್ತದೆ. ಕಲಘಟಗಿ, ಅಳ್ನಾವರ, ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿಯ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಮಳೆ ಹೆಚ್ಚು, ಕೆಮ್ಮಣ್ಣು ಹೆಚ್ಚು, ಹುಡುಕಾಟ ಶುರು ಮಾಡಬೇಕಾದದ್ದು ಇಲ್ಲಿ. ಗದಗ ಜಿಲ್ಲೆಯ ಕಪ್ಪತಗುಡ್ಡ ಸುತ್ತಲಿನ ಎರಿ ಬಯಲಿನ ನಡುವೆ ಎದ್ದ, ಕಬ್ಬಿಣದಂಶದ ಹಳೆಯ ಶಿಲೆಗಳ ಸಾಲು. 2019ರಲ್ಲಿ ಅದರ 244.15 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಲ್ಲಿ ಮಳೆ ಕಡಿಮೆ. ಆದ್ದರಿಂದ ಬೋಳು ನೆತ್ತಿಯನ್ನು ಬಿಟ್ಟು ಹಳ್ಳದ ಪಕ್ಕಗಳನ್ನು, ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನು, ಮರದ ಬುಡದ ಮಣ್ಣನ್ನು ನೋಡಬೇಕು. ಉತ್ತರದ ಇಳಿಜಾರಿಗೆ ಬಿಸಿಲು ಓರೆಯಾಗಿ ಬೀಳುವುದರಿಂದ ತೇವ ಹೆಚ್ಚು ದಿನ ಉಳಿಯುತ್ತದೆ.

ನಿಧಾನದ ಬದುಕು

ಹೆಣ್ಣು ಬಿಲ ಬಿಟ್ಟು ಬರುವುದು ತೀರಾ ಅಪರೂಪ. ಗಂಡು ಕೆಲವು ವರ್ಷ ತನ್ನ ಬಿಲದಲ್ಲಿ ಬೆಳೆದು, ಕೊನೆಯ ಪೊರೆ ಕಳಚಿದ ಮೇಲೆ ಬಿಲ ತೊರೆದು ಹೆಣ್ಣನ್ನು ಹುಡುಕಿ ನಡೆಯುತ್ತದೆ. ಹೆಚ್ಚಿನ ಟ್ರ್ಯಾಪ್‌ಡೋರ್ ಜೇಡಗಳಲ್ಲಿ ಈ ಅಲೆದಾಟ ಮಳೆಗೆ, ತೇವದ ಗಾಳಿಗೆ ಹೊಂದಿಕೊಂಡಿರುತ್ತದೆ. ರೋಹಿಣಿ, ಮಿರಗದ ಮಳೆ ಬಿದ್ದ ರಾತ್ರಿಗಳಲ್ಲಿ ತೋಟದ ಮನೆಯ ಪಡಸಾಲೆಗೆ, ಬಚ್ಚಲಿಗೆ ಕಪ್ಪು, ಹೊಳೆಯುವ, ಉದ್ದಕಾಲಿನ ದಪ್ಪ ಜೇಡ ಬಂದರೆ ಅದು ಇಂಥ ಗಂಡಾಗಿರಬಹುದು. ಹೆದರಿಸಿದರೆ ಮುಂಗಾಲೆತ್ತಿ ಕೋರೆ ತೋರಿಸುತ್ತದೆ. ಕಚ್ಚಿದರೆ ನೋಯುತ್ತದೆ, ಊದಿಕೊಳ್ಳಬಹುದು. ನಮ್ಮ ಇಡಿಯೋಪ್ಸ್ ಜೇಡಗಳನ್ನು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ ಎಂದು ಯಾರೂ ಪರಿಗಣಿಸಿಲ್ಲ. ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ದಂಡೆಯ ಬಳಿ ಬಿಟ್ಟರೆ ಸಾಕು. ಕೂಡಿದ ಆ ಹಂಗಾಮು ಮುಗಿಯುವುದರೊಳಗೆ ಅದರ ಆಯುಷ್ಯ ಮುಗಿಯುತ್ತದೆ.

ಹೆಣ್ಣು ಬಿಲದೊಳಗೇ ಮೊಟ್ಟೆಯ ಚೀಲ ಕಾಯುತ್ತದೆ. ಮರಿಗಳು ಕೆಲ ಕಾಲ ತಾಯಿಯ ಬಿಲದಲ್ಲೇ ಇದ್ದು ಆಮೇಲೆ ಹೊರಟು, ಹತ್ತಿರದಲ್ಲೇ ಮಿಲಿಮೀಟರ್ ಲೆಕ್ಕದ ಅಗಲದ ಕದ ಕಟ್ಟಿಕೊಳ್ಳುತ್ತವೆ. ಅನೇಕ ಜೇಡಮರಿಗಳಂತೆ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ದೂರ ಹೋಗುವ ಅಭ್ಯಾಸ ಈ ಗುಂಪಿನ ಹೆಚ್ಚಿನವಕ್ಕಿಲ್ಲ. ಅದಕ್ಕೇ ಕದಗಳು ಗುಂಪಾಗಿ ಸಿಗುತ್ತವೆ. ಒಂದು ದೊಡ್ಡ ಕದ ಕಂಡರೆ ಒಂದು ಮಾರು ಸುತ್ತಳತೆಯಲ್ಲಿ ಸಣ್ಣವು ಇವೆಯೇ ಎಂದು ನೋಡಲೇಬೇಕು. ಇಡೀ ಗುಂಪು ಒಬ್ಬಿಬ್ಬರು ತಾಯಂದಿರ ವಂಶವಾಗಿರಬಹುದು.

ಎಷ್ಟು ನಿಧಾನ ಎನ್ನುವುದಕ್ಕೆ ಅತಿ ಚೆನ್ನಾಗಿ ದಾಖಲಾದ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯಾದ್ದು. ಅದೂ ಇದೇ ಇಡಿಯೋಪಿಡೇ ಕುಟುಂಬದ ಗೈಯಸ್ ವಿಲ್ಲೋಸಸ್ ಪ್ರಭೇದ. ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಅಲ್ಲಿನ ಬಿಲಗಳಿಗೆ ಸಂಖ್ಯೆ ಕೊಟ್ಟು ವರ್ಷವರ್ಷವೂ ಹೋಗಿ ನೋಡುತ್ತ ಬಂದರು. 16ನೆಯ ಸಂಖ್ಯೆಯ ಹೆಣ್ಣು 43 ವರ್ಷ ಬದುಕಿತು. 2016ರಲ್ಲಿ ಅದರ ಕದ ತೂತಾಗಿ, ಬಿಲ ಹಾಳು ಬಿದ್ದಿತ್ತು. ಸತ್ತದ್ದು ಮುಪ್ಪಿನಿಂದಲ್ಲ, ಪರಾವಲಂಬಿ ಕಣಜದಿಂದ ಎಂಬುದು ಅಧ್ಯಯನ ಮಾಡಿದವರ ತೀರ್ಮಾನ. 2018ರಲ್ಲಿ ಈ ವರದಿ ಪ್ರಕಟವಾಯಿತು. ಹೋಲಿಸಿ ನೋಡುವುದಕ್ಕೆ: ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದೂ 1974ರಲ್ಲೇ. ಅಂದಿನಿಂದ ಅಲ್ಲಿ ಕೃಷ್ಣಮೃಗಗಳ ಎಷ್ಟೋ ತಲೆಮಾರು ಕಳೆದಿವೆ. ಅತ್ತ ಒಂದೇ ಜೇಡ ಒಂದೇ ಬಿಲದಲ್ಲಿತ್ತು. 43 ಎಂಬ ಸಂಖ್ಯೆಯನ್ನು ನಮ್ಮ ಜೇಡಗಳಿಗೆ ಹಾಗೇ ಅಂಟಿಸಬಾರದು. ಆದರೆ ತಡವಾಗಿ ಬಲಿಯುವುದು, ಒಂದೇ ಬಿಲವನ್ನು ಬೆಳೆಸುತ್ತ ಹೋಗುವುದು, ಸ್ಥಳ ಬದಲಿಸದಿರುವುದು ಎಂಬ ಕ್ರಮ ಈ ಇಡೀ ಗುಂಪಿಗೆ ಸಾಮಾನ್ಯ.

ಶತ್ರುಗಳಲ್ಲಿ ಮುಖ್ಯವಾದದ್ದು ಪಾಂಪಿಲಿಡೇ ಕುಟುಂಬದ ಜೇಡಬೇಟೆಯ ಕಣಜ. ಅದು ಕದ ಕೊರೆದೋ ಎತ್ತಿಯೋ ಒಳನುಗ್ಗಿ, ಜೇಡವನ್ನು ಕುಟುಕಿ ನಿಶ್ಚಲಗೊಳಿಸಿ, ಮೈಮೇಲೆ ಒಂದು ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಹುಳು ಜೀವಂತ ಜೇಡವನ್ನೇ ತಿಂದು ಬೆಳೆಯುತ್ತದೆ. ಚೇಳು, ಜರಿಹುಳ, ಒಂದು ಬಗೆಯ ಪರಾವಲಂಬಿ ನೊಣ, ಮೈಯನ್ನು ಒಳಗಿನಿಂದ ತಿನ್ನುವ ಶಿಲೀಂಧ್ರ ಇವೂ ಇವೆ. ಪೊರೆ ಕಳಚುವಾಗ, ಮೊಟ್ಟೆ ಕಾಯುವಾಗ, ಕಡು ಬೇಸಿಗೆಯಲ್ಲಿ ಅನೇಕ ಪ್ರಭೇದಗಳು ಕದವನ್ನು ಒಳಗಿನಿಂದ ರೇಷ್ಮೆ ಹಾಕಿ ಬಿಗಿದುಬಿಡುತ್ತವೆ. ಆಗ ಅಲುಗದ ಕದವನ್ನು ನೋಡಿ ಬಿಲ ಸತ್ತಿದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು.

ಹುಡುಕುವ, ದಾಖಲಿಸುವ ಕ್ರಮ

ಒಳ್ಳೆಯ ಕಾಲ ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್–ನವೆಂಬರ್. ಮಣ್ಣಿನಲ್ಲಿ ತೇವವಿರುತ್ತದೆ, ಪಾಚಿ ಹಸಿರಾಗಿರುತ್ತದೆ, ಮಳೆಯಲ್ಲಿ ಕೆಟ್ಟ ಕದಗಳನ್ನು ಜೇಡಗಳು ರಿಪೇರಿ ಮಾಡಿಕೊಂಡಿರುತ್ತವೆ. ಬೇಸಿಗೆಯಲ್ಲಿ ಧೂಳು ಕೂತು ಗೆರೆ ಮುಚ್ಚಿರುತ್ತದೆ.

ಬೆಳಗಿನ ಓರೆ ಬಿಸಿಲಿನಲ್ಲಿ, ಅಥವಾ ಬ್ಯಾಟರಿಯನ್ನು ದಂಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ನೇರ ಬೆಳಕಿನಲ್ಲಿ ಕದ ಮಣ್ಣಿನಲ್ಲಿ ಕರಗಿಹೋಗುತ್ತದೆ, ಓರೆ ಬೆಳಕಿನಲ್ಲಿ ಅದರ ಅಂಚಿನ ನೆರಳು ಎದ್ದು ಕಾಣುತ್ತದೆ. ಪಾದದ ಮಟ್ಟದಿಂದ ಎದೆಯ ಮಟ್ಟದವರೆಗೆ, ಒಂದು ಸಲಕ್ಕೆ ಒಂದು ಮೀಟರ್ ಅಗಲ, ಸಾವಕಾಶ. ಮೊದಲ ಕದ ಸಿಗುವ ತನಕ ಏನೂ ಇಲ್ಲವೆನಿಸುತ್ತದೆ. ಒಂದು ಸಿಕ್ಕ ಮೇಲೆ ಕಣ್ಣು ಹೊಂದಿಕೊಂಡು ಉಳಿದವು ಬೇಗ ಕಾಣುತ್ತವೆ. ಬಲಿತ ಹೆಣ್ಣಿನ ಕದ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಅಗಲ.

ಬೇರೆ ಬಿಲಗಳನ್ನು ಇದೆಂದು ತಿಳಿಯುವುದು ಬಹಳ. ಹುಲ್ಲಿನ ಮೇಲೆ ಇಬ್ಬನಿ ಹೊತ್ತ ಬಲೆ ಹಾಸಿ ಒಂದು ತುದಿಗೆ ಕೊಳವೆ ಇದ್ದರೆ ಅದು ಹಿಪ್ಪಾಸಾ ಎಂಬ ತೋಳಜೇಡ. ಬಾಯಿ ತೆರೆದೇ ಇದ್ದು ಅಂಚಿಗೆ ದಟ್ಟ ರೇಷ್ಮೆ ಇದ್ದರೆ, ಬೆರಳು ಹಿಡಿಸುವಷ್ಟು ಅಗಲವಿದ್ದರೆ, ಟರಾಂಟುಲಾ. ಘಟ್ಟದ ಕಡೆಯ ದಂಡೆಗಳಲ್ಲಿ ತ್ರಿಗ್ಮೊಪಿಯಸ್ ಕುಲದ ದೊಡ್ಡ ಟರಾಂಟುಲಾಗಳ ಬಿಲ ಹೀಗಿರುತ್ತದೆ. ಅದಕ್ಕೆ ಕೈ ಹಾಕಬಾರದು. ಬಾಯಿ ಚಪ್ಪಟೆಯಾಗಿ ಅಡ್ಡಗಲವಾಗಿದ್ದು ಎದುರಿಗೆ ಮಣ್ಣಿನ ಗುಡ್ಡೆ ಇದ್ದರೆ ಚೇಳು. ರೇಷ್ಮೆಯೇ ಇಲ್ಲದ ದುಂಡು ತೂತು ಕಣಜದ್ದೋ, ಜೀರುಂಡೆಯದ್ದೋ.

ಕದ ಎಂದು ಅನುಮಾನ ಬಂದರೆ ಒಣ ಹುಲ್ಲಿನ ಕಡ್ಡಿಯಿಂದ ಬಿಜಾಗರಿಯ ಎದುರು ಅಂಚನ್ನು ಮೆಲ್ಲಗೆ ಒಂದೆರಡು ಮಿಲಿಮೀಟರ್ ಎತ್ತಿ ನೋಡಿ. ಬಿಳಿ ರೇಷ್ಮೆ ಕಂಡರೆ ಅಷ್ಟೇ ಸಾಕು. ಒಳಗಿನಿಂದ ಜಗ್ಗಿದ ಹಾಗಾದರೆ ಜೇಡ ಮನೆಯಲ್ಲಿದೆ, ಕೂಡಲೇ ಬಿಟ್ಟುಬಿಡಿ. ಚಾಕು, ಸ್ಕ್ರೂಡ್ರೈವರ್ ಬಳಸಿದರೆ ಆಗುವ ನಷ್ಟ ಹೀಗೆ: ಬಿಜಾಗರಿ ಹರಿಯುತ್ತದೆ, ಕದ ಸರಿಯಾಗಿ ಕೂರುವುದಿಲ್ಲ, ಆ ರಾತ್ರಿಯೇ ಇರುವೆ ನುಗ್ಗಬಹುದು, ಹಗಲಿಗೆ ಕಣಜ. ಬೇಟೆಗೆ ಬಳಸಬೇಕಾದ ದಿನಗಳನ್ನು ಜೇಡ ರಿಪೇರಿಗೆ ಕಳೆಯುತ್ತದೆ. ನೀರು ಹೊಯ್ದು ಹೊರಗೆ ಬರಿಸುವುದು, ಹಾರೆಯಿಂದ ಅಗೆಯುವುದು ಇನ್ನೂ ಕೆಟ್ಟದ್ದು. ಬಿಲದ ಅಳತೆಗೇ ಬೆಳೆದ ದೊಡ್ಡ ಹೆಣ್ಣನ್ನು ಕಿತ್ತು ಬೇರೆಡೆ ಬಿಟ್ಟರೆ ಮೊದಲಿನಿಂದ ಬಿಲ ತೋಡುವುದು ಅದಕ್ಕೆ ಅತಿ ಕಷ್ಟ. ಬಿಲ ಸಿದ್ಧವಾಗುವ ಮೊದಲೇ ಬಿಸಿಲು, ಇರುವೆ ಮುಗಿಸುತ್ತವೆ. ಕಪ್ಪತಗುಡ್ಡ, ರಾಣೆಬೆನ್ನೂರು ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಪ್ರಾಣಿಯನ್ನೂ ಹಿಡಿಯುವಂತಿಲ್ಲ ಎಂಬುದೂ ನೆನಪಿರಲಿ.

ಬರೆದುಕೊಳ್ಳಬೇಕಾದದ್ದು ಜೇಡದ ಬಗ್ಗೆ ಕಡಿಮೆ, ಕದ ಮತ್ತು ದಂಡೆಯ ಬಗ್ಗೆ ಹೆಚ್ಚು. ಬಿಜಾಗರಿಯ ಉದ್ದಕ್ಕೆ ಕದದ ಅಗಲ, ಬಿಜಾಗರಿಯಿಂದ ಎದುರಂಚಿಗೆ ಉದ್ದ, ನೆಲದಿಂದ ಎತ್ತರ, ದಂಡೆಯ ಇಳಿಜಾರು, ಯಾವ ದಿಕ್ಕಿಗೆ ಮುಖ, ಮಣ್ಣಿನ ಬಣ್ಣ, ಪಾಚಿ ಇದೆಯೇ, ಮೇಲೆ ಮರವಿದೆಯೇ. ಪಕ್ಕಕ್ಕೆ ಸ್ಕೇಲ್ ಇಟ್ಟು ಮುಚ್ಚಿದ ಕದದ ಒಂದು ಫೋಟೋ. ಅಪರೂಪದ ಜೇಡಗಳನ್ನು ಸಾಕಲು ಕದಿಯುವವರಿದ್ದಾರೆ. ಆದ್ದರಿಂದ ಖಚಿತ ಜಾಗವನ್ನು ಬಹಿರಂಗವಾಗಿ ಹಾಕದೆ ತಾಲೂಕಿನ ಹೆಸರಿಗೆ ನಿಲ್ಲಿಸುವುದು ಒಳ್ಳೆಯದು.

ಕದಗಳ ಅಗಲವನ್ನು ಅಳೆದಿಟ್ಟರೆ ಅದರಿಂದ ಸಿಗುವ ತಿಳಿವಳಿಕೆ ದೊಡ್ಡದು. ಒಂದು ದಂಡೆಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಕದಗಳು ಮೂರೂ ಇದ್ದರೆ ಅಲ್ಲಿ ಮರಿಗಳು ಹುಟ್ಟುತ್ತಿವೆ, ಉಳಿಯುತ್ತಿವೆ. ದೊಡ್ಡವಷ್ಟೇ ಇದ್ದು ಸಣ್ಣವು ಒಂದೂ ಇಲ್ಲದಿದ್ದರೆ ಆ ಗುಂಪು ಅಳಿವಿನ ದಾರಿ ಹಿಡಿದಿರಬಹುದು. ದೀರ್ಘಾಯುಷಿ ಹೆಣ್ಣುಗಳು ಇನ್ನೂ ಹತ್ತಾರು ವರ್ಷ ಕದ ತೆಗೆದು ಮುಚ್ಚುತ್ತಲೇ ಇರುತ್ತವೆ, ನೋಡುವವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಬಿಲದ ಜೇಡಗಳ ವಿಷಯದಲ್ಲಿ ಮೋಸ ಹೋಗುವುದು ಇಲ್ಲೇ.

ದಂಡೆ ಕೆಡುವ ಬಗೆಗಳು

ಜೆಸಿಬಿ ಬಂದ ಮೇಲೆ ದಂಡೆ ಕಡಿಯುವುದು ಅರ್ಧ ದಿನದ ಕೆಲಸವಾಗಿದೆ. ರಸ್ತೆ ಅಗಲೀಕರಣ, ಗರಸು ಎತ್ತುವುದು, ಹೊಲದ ಒಡ್ಡನ್ನು ಕಿತ್ತು ಹೊಸದಾಗಿ ಏರಿಸುವುದು, ಗುಡ್ಡದ ಇಳಿಜಾರಿನಲ್ಲಿ ಗಿಡ ನೆಡಲು ಉದ್ದುದ್ದ ಟ್ರೆಂಚ್ ತೋಡುವುದು ಎಲ್ಲದರಲ್ಲೂ ಹೋಗುವುದು ಮೇಲಿನ ಒಂದೆರಡು ಅಡಿ ಮಣ್ಣು. ಜೇಡ ಇರುವುದೂ ಅಷ್ಟರಲ್ಲೇ. ಹೊಸದಾಗಿ ಕಡಿದ ದಂಡೆ ಹೊರನೋಟಕ್ಕೆ ಬಿಲಕ್ಕೆ ಸರಿಯಾದ ಜಾಗದಂತೆ ಕಂಡರೂ ಅದರ ಮೈ ಪ್ರತಿ ಮಳೆಗೆ ಕರಗುತ್ತದೆ, ಪಾಚಿ ಹಿಡಿಯಲು ವರ್ಷಗಳು ಬೇಕು, ಹತ್ತಿರದಲ್ಲಿ ಹಳೆಯ ಗುಂಪು ಉಳಿದಿಲ್ಲದಿದ್ದರೆ ಅಲ್ಲಿಗೆ ನಡೆದು ಬರುವ ಮರಿಗಳೇ ಇರುವುದಿಲ್ಲ.

ಬೇಸಿಗೆಯ ಹುಲ್ಲಿನ ಬೆಂಕಿಯ ಲೆಕ್ಕ ಸ್ವಲ್ಪ ಬೇರೆ. ಬೇಗ ಹರಿದು ಹೋಗುವ ಹುಲ್ಲುಬೆಂಕಿಯ ಕಾವು ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿಯುತ್ತದೆ. ಗೇಣು ಆಳದ ಜೇಡ ಉಳಿಯಬಹುದು. ಎರಡು ಬೆರಳು ಆಳದ ಮರಿಬಿಲಗಳು ಉಳಿಯುವುದು ಕಷ್ಟ. ಉಳಿದ ದೊಡ್ಡ ಜೇಡಕ್ಕೂ ತೊಂದರೆ ಆಮೇಲೆ: ಹುಲ್ಲು, ತರಗು ಹೋಗಿ ಹುಳು ಕಡಿಮೆಯಾಗುತ್ತದೆ, ಬೋಳು ಇಳಿಜಾರಿನಿಂದ ಮೊದಲ ಅಡ್ಡಮಳೆಗೇ ಬೂದಿ ಮಣ್ಣು ಕೊಚ್ಚಿಬಂದು ಕದಗಳ ಮೇಲೆ ಕೂರುತ್ತದೆ. ವರ್ಷವರ್ಷವೂ ಬೆಂಕಿ ಬೀಳುವ ಗುಡ್ಡದಲ್ಲಿ ಸಣ್ಣ ಕದಗಳು ಸಿಗದಿದ್ದರೆ ಈ ಕಾರಣವನ್ನು ಮೊದಲು ಪರಿಶೀಲಿಸಬೇಕು.

ಉಳಿಸುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಕೆಲಸ ಮಾಡುವ ರೀತಿ ಬದಲಾದರೆ ಸಾಕು. ಒಡ್ಡು ರಿಪೇರಿ ಇದ್ದರೆ ಪೂರ್ತಿ ಉದ್ದವನ್ನು ಒಂದೇ ವರ್ಷ ಕೀಳದೆ ತುಂಡು ತುಂಡಾಗಿ, ನಡುನಡುವೆ ಹಳೆಯದನ್ನು ಬಿಟ್ಟು ಮಾಡಬಹುದು. ಉಳಿದ ತುಂಡುಗಳಿಂದ ಮರಿಗಳು ಹೊಸ ಮಣ್ಣಿಗೆ ನಡೆದು ಬರುತ್ತವೆ. ಒಡ್ಡಿನ ಪಕ್ಕದ ಹುಲ್ಲನ್ನು ಸಲಿಕೆಯಿಂದ ಬೇರುಸಹಿತ ಕೆರೆಯುವ ಬದಲು ಕುಡುಗೋಲಿನಿಂದ ಕೊಯ್ದರೆ ಮೇಲ್ಮಣ್ಣು, ಕದ ಎರಡೂ ಉಳಿಯುತ್ತವೆ. ಗೆದ್ದಲಿನ ಔಷಧವನ್ನು ದಂಡೆಗೆ ಸುರಿಯಬಾರದು, ಅದು ಜೇಡದ ಆಹಾರವನ್ನೂ ಜೇಡವನ್ನೂ ಒಟ್ಟಿಗೆ ಕೊಲ್ಲುತ್ತದೆ. ಗುಡ್ಡದಲ್ಲಿ ಟ್ರೆಂಚ್ ತೋಡುವ ಮುನ್ನ ಗುರುತು ಹಾಕುವ ದಿನವೇ ಒಬ್ಬರು ಓರೆ ಬೆಳಕು ಹಿಡಿದು ಆ ಗೆರೆಯ ಉದ್ದಕ್ಕೂ ನಡೆದು ನೋಡಲಿ. ಕದಗಳ ಗುಂಪು ಸಿಕ್ಕರೆ ಸುತ್ತ ಐದಾರು ಮೀಟರ್ ಬಿಟ್ಟು ಟ್ರೆಂಚನ್ನು ಮೇಲೆಯೋ ಕೆಳಗೋ ಸರಿಸಬಹುದು. ಮೇಲ್ಬದಿಗೆ ಸರಿಸಿದರೆ ಮಾತ್ರ ತೋಡಿದ ಮಣ್ಣನ್ನು ಕೆಳಕ್ಕೆ ಎಸೆಯದೆ ಟ್ರೆಂಚಿನ ಮೇಲ್ಬದಿಗೇ ಹಾಕಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಅದು ಜಾರಿ ಬಂದು ಬಿಟ್ಟ ಜಾಗವನ್ನೇ ಮುಚ್ಚುತ್ತದೆ.